ನ್ಯೂಸ್‌ಲೆಟರ್‌ಗೆ ಸ್ವಂತ ಡೊಮೇನ್: ಕಡಿಮೆ ಖರ್ಚಿನಲ್ಲಿ ನಾನು ಕೊಂಡ ಬಗೆ

ಹಿತ್ತಲ ಗಿಡಗಳ ಬಗ್ಗೆ ವಾರಕ್ಕೊಮ್ಮೆ ಇಮೇಲ್‌ನಲ್ಲಿ ನ್ಯೂಸ್‌ಲೆಟರ್ ಕಳಿಸುತ್ತೇನೆ. ಕಳಿಸುವ ಸೇವೆಯನ್ನು ನಾಳೆ ಬದಲಾಯಿಸಿದರೂ ಇಂಟರ್‌ನೆಟ್ ವಿಳಾಸ, ಅಂದರೆ ಡೊಮೇನ್, ನನ್ನದಾಗಿಯೇ ಉಳಿಯಬೇಕು ಅನ್ನೋದು ಆಸೆ. ಇದರಿಂದ ಆದಾಯವೇನೂ ಇಲ್ಲ, ಹಾಗಾಗಿ ವರ್ಷಕ್ಕೆ ಸಾವಿರ ರೂಪಾಯಿ ದಾಟಬಾರದು ಅಂತ ಮೊದಲೇ ನಿರ್ಧರಿಸಿದ್ದೆ.

ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದೇ ನೂರು ರೂಪಾಯಿ ಆಸುಪಾಸಿನ ಆಫರ್‌ಗಳು. ಅದು ಮೊದಲ ವರ್ಷದ ದರ. ನಾನು ನೋಡಿದ್ದು ಮುಂದಿನ ವರ್ಷಗಳಿಗೆ ಕಟ್ಟಬೇಕಾದ ರಿನ್ಯೂವಲ್ ದರವನ್ನು ಮಾತ್ರ, ಅದೂ ಜಿಎಸ್‌ಟಿ 18% ಸೇರಿಸಿ. ಡಾಟ್ ಆನ್‌ಲೈನ್‌ ಅಂತ ಕೊನೆಯಾಗುವಂಥ ಹೆಸರುಗಳು ಮೊದಲ ವರ್ಷ ಅಗ್ಗಕ್ಕೆ ಸಿಕ್ಕರೂ ಎರಡನೇ ವರ್ಷ ಎರಡು ಮೂರು ಸಾವಿರ ಕೇಳುತ್ತವೆ. ಡಾಟ್ ಕಾಮ್‌ನ ಸಗಟು ದರವೇ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್‌ಗೆ ಏರಿತು. ಮಾರುವವರ ಲಾಭ, ತೆರಿಗೆ ಅದರ ಮೇಲೆ. ನಿಕ್ಸಿ ಅನ್ನೋ ಭಾರತದ ಸಂಸ್ಥೆ ನೋಡಿಕೊಳ್ಳುವ ಡಾಟ್ ಇನ್ ನನ್ನ ಮಿತಿಯೊಳಗೆ ಬಂತು. ಕನ್ನಡ ಲಿಪಿಯಲ್ಲೇ ‘.ಭಾರತ’ ಇದೆ, ಅದನ್ನೇ ತಗೊಳ್ಳೋಣ ಅಂತ ತುಂಬ ಆಸೆಯಿತ್ತು. ಆದರೆ ಕನ್ನಡ ಅಕ್ಷರದ ವಿಳಾಸದಿಂದ ಮೇಲ್ ಕಳಿಸಲು ಎಷ್ಟೋ ಸೇವೆಗಳು ಇನ್ನೂ ಒಪ್ಪುವುದಿಲ್ಲ.

ಹೆಚ್ಚು ಹೊತ್ತು ಹಿಡಿದಿದ್ದು ಹೆಸರು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಜನ ಹತ್ತು ಥರ ಬರೆಯುತ್ತಾರೆ. ‘ಹೂದೋಟ’ ಮನಸ್ಸಿನಲ್ಲಿತ್ತು. ಅಕ್ಕನಿಗೆ ಫೋನಿನಲ್ಲಿ ಹೇಳಿ, ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸು ಅಂದೆ. ಅವಳು ‘ಹೂ’ಗೆ ಎರಡು ಓ ಹಾಕಿದಳು, ಭಾವ ಒಂದು ಯು ಹಾಕಿದರು. ‘ನಮ್ಮ ಬಸಳೆ’ ಅಂದಾಗ ಇಬ್ಬರೂ ಒಂದೇ ಥರ ಬರೆದರು. ‘ನಮ್ಮ’ದ ಸ್ಪೆಲಿಂಗ್ ನಮ್ಮ ಮೆಟ್ರೊದಿಂದ ಎಲ್ಲರಿಗೂ ರೂಢಿಯಾಗಿದೆ. ಹೆಸರಿಡುವವರು ಈ ಪರೀಕ್ಷೆಯನ್ನು ಖಂಡಿತ ಮಾಡಿ. ಬಾಯಲ್ಲಿ ಹೇಳಿದ ವಿಳಾಸ ತಪ್ಪಿಲ್ಲದೆ ಟೈಪ್ ಆಗದಿದ್ದರೆ ಓದುಗರು ಬಂದು ಮುಟ್ಟುವುದಿಲ್ಲ.

ಹಣ ಕಟ್ಟುವ ಪುಟದಲ್ಲಿ ಇಮೇಲ್ ಪ್ಯಾಕ್, ಎಸ್‌ಎಸ್‌ಎಲ್‌ಗೆ (ತಾಣದ ಸಂಪರ್ಕವನ್ನು ಸುರಕ್ಷಿತವಾಗಿಸುವ ವ್ಯವಸ್ಥೆ) ಮೊದಲೇ ಟಿಕ್ ಬಿದ್ದಿತ್ತು. ಎರಡನ್ನೂ ತೆಗೆದೆ. ಎಸ್‌ಎಸ್‌ಎಲ್ ಅನ್ನು ನ್ಯೂಸ್‌ಲೆಟರ್ ಸೇವೆಯೇ ಉಚಿತವಾಗಿ ಹಾಕಿಕೊಡುತ್ತದೆ. ಆದರೆ ಸ್ವಂತ ಡೊಮೇನ್ ಜೋಡಿಸಲು ಆ ಸೇವೆಯವರು ಏನು ತಗೊಳ್ಳುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಸಬ್‌ಸ್ಟ್ಯಾಕ್ ಅನ್ನೋ ನ್ಯೂಸ್‌ಲೆಟರ್ ಸೇವೆ ಒಂದೇ ಸಲ 50 ಡಾಲರ್ ತಗೊಳ್ಳುತ್ತದೆ, ಡೊಮೇನ್‌ನ ವರ್ಷಗಟ್ಟಲೆ ಖರ್ಚು ಅದರಲ್ಲೇ ಮುಗಿಯುತ್ತದೆ.

ಕೊಂಡ ಮೇಲೆ ಡಿಎನ್‌ಎಸ್ ಕೆಲಸ, ಅಂದರೆ ಡೊಮೇನ್ ಯಾವ ಸೇವೆಗೆ ಜೋಡಿಸಿದ್ದು ಅಂತ ಹೇಳುವ ದಾಖಲೆ ತುಂಬುವುದು. ಸೇವೆಯವರು ಕೊಟ್ಟ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಸಾಲುಗಳನ್ನು ಕಾಪಿ ಮಾಡಿ ಅಂಟಿಸಿದೆ. ಮೇಲ್ ನಿಜವಾಗಿಯೂ ನಮ್ಮ ಡೊಮೇನಿನದ್ದೇ ಅಂತ ಪರಿಶೀಲಿಸಲು ನೆರವಾಗುವ ಸಾಲುಗಳಿವು. ಯಾವ ಸೇವೆ ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ವಿಷಯದಲ್ಲಿ ಎಚ್ಚರ ಬೇಕು: ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡು ಸೇವೆ ಬಳಸುವುದಾದರೆ ಎರಡನ್ನೂ ಅದೇ ಸಾಲಿನೊಳಗೆ ಸೇರಿಸಬೇಕು, ಬೇರೆ ಬೇರೆ ಬರೆದರೆ ಪರಿಶೀಲನೆ ವಿಫಲವಾಗುತ್ತದೆ. ನನ್ನದೇ ಜಿಮೇಲ್‌ಗೆ ಒಂದು ಸಂಚಿಕೆ ಕಳಿಸಿ, ಮೇಲ್‌ನ ಮೂಲ ರೂಪ ತೆರೆದು, ಮೂರರ ಮುಂದೆಯೂ ‘ಪಾಸ್’ ಅಂತ ಬಂದಿದ್ದನ್ನು ನೋಡಿಕೊಂಡ ಮೇಲೆಯೇ ಓದುಗರಿಗೆ ಕಳಿಸಿದ್ದು.

ಡೊಮೇನ್ ಖಾತೆಗೆ ಕೊಟ್ಟ ಇಮೇಲ್ ಅದೇ ಡೊಮೇನಿನದ್ದಲ್ಲ, ಬೇರೆಯದು. ಹೆಸರು ಎಂದಾದರೂ ನಿಂತುಹೋದರೆ ರಿನ್ಯೂವಲ್ ನೋಟಿಸ್ ಬರಲು ಇನ್ನೊಂದು ದಾರಿ ಇರಬೇಕಲ್ಲ. ಆಟೊ ರಿನ್ಯೂವಲ್ ಹಾಕಿದ್ದೇನೆ, ಕಾರ್ಡಿನ ಅವಧಿ ಮುಗಿಯುವ ತಿಂಗಳನ್ನೂ ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಟ್ಟಿದ್ದೇನೆ.