ನೀರಿನ ದಾರಿ ಹಿಡಿದು ಒಂದು ಹುಯಿ ಹೋಬಳಿಯ ಚರಿತ್ರೆ ಬರೆದೆ: ನನ್ನ ಅನುಭವ

ಶಾಸನ ಇಲ್ಲ, ಕಡತ ಮುಟ್ಟಲು ಬಿಡಲ್ಲ, ಭಾಷೆಯೂ ಅರ್ಧಂಬರ್ಧ. ಇದರಲ್ಲಿ ಊರಿನ ಚರಿತ್ರೆ ಹೇಗೆ ಬರೀತೀರಿ ಅಂತ ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ವಾಯವ್ಯ ಚೀನಾದ ನಿಂಗ್‌ಷ್ಯಾ ಪ್ರದೇಶದ ರಾಜಧಾನಿ ಯಿನ್‌ಚುವಾನ್‌ನಲ್ಲಿ ಇಂಗ್ಲಿಷ್ ಕಲಿಸಿಕೊಂಡಿದ್ದ ಎರಡೂವರೆ ವರ್ಷ, ರಜೆ ಸಿಕ್ಕಾಗಲೆಲ್ಲ ಬಸ್ ಹತ್ತಿ ಲಿಯೂಪಾನ್ ಬೆಟ್ಟಕ್ಕೆ ಹೋಗುತ್ತಿದ್ದೆ. ಈಗ ನನ್ನ ಹತ್ತಿರ ಸುಮಾರು 40 ಹಳ್ಳಿಗಳ ನಕ್ಷೆ ಇದೆ. ಯಾವ ಹಳ್ಳಿಯವರು ಎಲ್ಲಿಂದ ಬಂದು ಎಲ್ಲಿ ಕೂತರು ಅನ್ನೋದು ಅದರಲ್ಲಿದೆ. ಆಗೋ ಕೆಲಸ ಅಲ್ಲ ಅಂದಿದ್ದ ಪ್ರಾಧ್ಯಾಪಕರೊಬ್ಬರು ಹೋದ ತಿಂಗಳು ತಾವಾಗಿಯೇ ಕೇಳಿ ಪ್ರತಿ ತರಿಸಿಕೊಂಡರು. ಆ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಜಾಗ ನಿಂಗ್‌ಷ್ಯಾದ ದಕ್ಷಿಣ ತುದಿಯ ಜಿಂಗ್‌ಯುವಾನ್ ಕೌಂಟಿ. ಅಲ್ಲಿನ 'ಶ್ಯಾಂಗ್' ಅಂದ್ರೆ ನಮ್ಮ ಹೋಬಳಿ ಅಂತ ಇಟ್ಟುಕೊಳ್ಳಿ. ಹೋಬಳಿಯ ಹೆಸರು ಹೇಳಲ್ಲ. ಮನೆಯ ಮಾತು ಬಿಚ್ಚಿಟ್ಟ ಹಿರಿಯರ ಗುರುತು ಸಿಗಬಾರದು ಅಂತ. ಅಲ್ಲಿರುವವರಲ್ಲಿ ಹೆಚ್ಚಿನವರು ಹುಯಿ ಜನ, ಅಂದ್ರೆ ಚೀನೀ ಭಾಷೆಯನ್ನೇ ಆಡುವ ಮುಸ್ಲಿಮರು. ದಕ್ಷಿಣ ನಿಂಗ್‌ಷ್ಯಾ ಅಂದ ಕೂಡಲೇ ಬೋಳು ಮಣ್ಣುಗುಡ್ಡ, ಬರಗಾಲ ನೆನಪಾಗುತ್ತೆ. ಶಿಜಿ, ಹೈಯುವಾನ್ ಕೌಂಟಿಗಳ ಕಡೆ ಅದು ನಿಜ. ಮಳೆ 300–400 ಮಿ.ಮೀ. ಅಷ್ಟೇ. ಆದರೆ ಜಿಂಗ್‌ಯುವಾನ್ ಇರುವುದು ಲಿಯೂಪಾನ್ ಸಾಲಿನ ಪೂರ್ವ ಮಗ್ಗುಲಲ್ಲಿ. ಮಳೆ 600 ಮಿ.ಮೀ. ದಾಟುತ್ತೆ. ಕಾಡಿದೆ, ಹಸಿರಿದೆ, ದನ ಚೆನ್ನಾಗಿ ಮೇದಿವೆ. 2942 ಮೀಟರ್ ಎತ್ತರದ ಮಿಗಾಂಗ್ ಶಿಖರದ ಆಸುಪಾಸಿನಲ್ಲಿ ಜಿಂಗ್ ನದಿ ಹುಟ್ಟುತ್ತೆ. ಕೌಂಟಿಯ ಹೆಸರಿನ ಅರ್ಥವೇ 'ಜಿಂಗ್‌ನ ಮೂಲ'. ಆದರೆ ಈ ಹೆಸರು ಬಂದಿದ್ದು 1950ರಲ್ಲಿ. ಅದಕ್ಕೆ ಮೊದಲು ಹ್ವಾಪಿಂಗ್ ಅಂತಿತ್ತು, ಅಂದ್ರೆ 'ತಿದ್ದಿ ಶಾಂತ ಮಾಡಿದ ಜಾಗ'. ಆ ಹಳೆಯ ಹೆಸರಲ್ಲೇ ಅರ್ಧ ಕತೆ ಇದೆ.

1862ರಲ್ಲಿ ಶಾನ್‌ಶಿ ಪ್ರಾಂತದ ವೇ ನದಿ ಬಯಲಿನಲ್ಲಿ ಹುಯಿ ಜನ ದಂಗೆ ಎದ್ದರು. ಊರಿಗೆ ಊರೇ ಸುಟ್ಟುಹೋದವು. ಉಳಿದವರು ಪಶ್ಚಿಮಕ್ಕೆ ಓಡಿದರು. ಕೊನೆಗೆ ಆ ಬಯಲಿನಲ್ಲಿ ನೆಲೆ ಉಳಿಸಿಕೊಂಡವರು ಶಿಆನ್ ನಗರದ ಕೋಟೆಯೊಳಗಿನ ಹುಯಿ ಜನ ಮಾತ್ರ ಅನ್ನಬಹುದು. 1871ರಲ್ಲಿ ದಂಗೆಯವರ ಭದ್ರಕೋಟೆ ಜಿನ್‌ಜಿಪು ಬಿದ್ದ ಮೇಲೆ ಚೀನಾದ ಚಕ್ರವರ್ತಿಯ ಸೇನಾಪತಿ ಝುವೊ ಝೊಂಗ್‌ಟಾಂಗ್, ಶರಣಾದ ಶಾನ್‌ಶಿಯವರನ್ನು ಸಾವಿರಾರು ಲೆಕ್ಕದಲ್ಲಿ ತಂದು ಈ ಕಣಿವೆಗಳಲ್ಲಿ ಕೂರಿಸಿದ. ಬಯಲಲ್ಲಿ ಹತ್ತಿ, ಗೋಧಿ ಬೆಳೆದ ಕೈಗಳು. ಇಲ್ಲಿನ ಚಳಿಯಲ್ಲಿ ಹತ್ತಿ ಬರಲ್ಲ. ಓಟ್ಸ್, ಆಲೂಗಡ್ಡೆ, ಅಗಸೆಗೆ ಇಳಿದರು. ಇಷ್ಟು ಪುಸ್ತಕಗಳಲ್ಲಿ ಸಿಗುತ್ತೆ. ಯಾರು ಯಾವ ಹಳ್ಳದ ದಂಡೆಗೆ ಬಂದರು ಅನ್ನೋದು ನನಗೆ ಎಲ್ಲೂ ಸಿಗಲಿಲ್ಲ.

ಮೊದಲು ಸೋತ ಲೆಕ್ಕ ಹೇಳ್ತೀನಿ. ಹಳೆ ಪುಸ್ತಕದವರ ಹತ್ತಿರ ಕೌಂಟಿಯ ಚರಿತ್ರೆ ಪುಸ್ತಕ ಕೊಂಡೆ, 260 ಯುವಾನ್ ಇರಬೇಕು. ಆಗ ಯುವಾನಿಗೆ 10 ರೂಪಾಯಿ ಹತ್ತಿರ. ನನ್ನ ಹೋಬಳಿಗೆ ಅದರಲ್ಲಿ ಎರಡೇ ಪುಟ. ಅದೂ ಕುರಿ, ದನ, ಟ್ರ್ಯಾಕ್ಟರ್ ಸಂಖ್ಯೆ. ಆಮೇಲೆ ಕರೋನಾ ಉಪಗ್ರಹದ ಚಿತ್ರ ತರಿಸಿದೆ. 1960ರ ದಶಕದ ಅಮೆರಿಕದ ಗೂಢಚಾರ ಚಿತ್ರಗಳು. ಒಂದಕ್ಕೆ 30 ಡಾಲರ್, ಮೂರು ತರಿಸಿದೆ. ಒಂದರಲ್ಲಿ ಬರೀ ಮೋಡ. ಇನ್ನೊಂದು ಬೆಟ್ಟದ ಆಚೆ ಮಗ್ಗುಲಿನದು. ಮೂರನೆಯದೊಂದೇ ಕೆಲಸಕ್ಕೆ ಬಂತು.

ಅದರ ಮೇಲೂ ಮೂರು ತಿಂಗಳು ಹಾಳಾಯಿತು. ಚೀನಾದ ಆನ್‌ಲೈನ್ ನಕ್ಷೆಗಳಲ್ಲಿ ಜಾಗದ ಅಂಕಿಗಳನ್ನು ಬೇಕೆಂದೇ ಕೆಲವು ನೂರು ಮೀಟರ್ ಸರಿಸಿರುತ್ತಾರೆ. ಗೊತ್ತಿದ್ದೂ ಮರೆತೆ. ಹಳ್ಳಿಗಳನ್ನು ಚಿತ್ರದ ಮೇಲೆ ಕೂರಿಸಿದರೆ ಎಲ್ಲವೂ ಕೊರಕಲಿನ ಆಚೆ ದಡದಲ್ಲಿ! ತಿದ್ದಿದೆ. ಹೇಗೆ ತಿದ್ದಿದೆ ಅನ್ನೋದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ತೀನಿ, ಮಸೀದಿಗಳನ್ನು ಗುರುತಾಗಿ ಹಿಡಿದೆ ಅಂತ ಮಾತ್ರ ಹೇಳಬಲ್ಲೆ. ಜಿಪಿಎಸ್ ಬಳಸಿದರೆ ಆಗುತ್ತಿತ್ತಲ್ವಾ ಅನ್ನಬೇಡಿ. ಅನುಮತಿ ಇಲ್ಲದೆ ವಿದೇಶಿಯರು ಅಲ್ಲಿ ಸರ್ವೆ ಮಾಡುವಂತಿಲ್ಲ. ನೋಟ್‌ಬುಕ್ ಮತ್ತು ಪೆನ್ಸಿಲ್ ಬಿಟ್ಟು ಬೇರೇನೂ ಒಯ್ಯಲಿಲ್ಲ.

ದೊಡ್ಡ ಪೆಟ್ಟು ಬಿದ್ದಿದ್ದು ದುಭಾಷಿಯಿಂದ. ಪೇಟೆಯ ಹುಡುಗ, ದಿನಕ್ಕೆ 300 ಯುವಾನ್, ಆರು ದಿನ. ಹೋದಲ್ಲೆಲ್ಲ "ನಿಮ್ಮ ಪೂರ್ವಜರು ಯಾವಾಗ ಬಂದರು, ದಂಗೆಯಲ್ಲಿ ಇದ್ದರಾ?" ಅಂತ ಶುರು ಮಾಡುತ್ತಿದ್ದ. ಅಜ್ಜಂದಿರು ಚಹಾ ಕೊಟ್ಟು ಸುಮ್ಮನಾಗುತ್ತಿದ್ದರು. ಕಲ್ಲು ಓದೋಣ ಅಂದ್ರೆ ನಾನು ನೋಡಿದ ಗೋರಿಗಳೆಲ್ಲ ಬರೀ ಮಣ್ಣಿನ ದಿಬ್ಬ. ಅಕ್ಷರವೇ ಇಲ್ಲ. ಊರ ಹೆಸರು ಹಿಡಿದರೂ ದಾರಿ ತಪ್ಪುತ್ತೆ. ಒಂದು ಮನೆತನದ ಹೆಸರಿನ ಹಳ್ಳಿಯಲ್ಲಿ ಆ ಮನೆತನದ ಒಂದು ಮನೆಯೂ ಇರಲಿಲ್ಲ. ಅವರಿಗಿಂತ ಹಿಂದೆ ಇದ್ದವರ ಹೆಸರು ಅದು.

ದಾರಿ ತೋರಿಸಿದ್ದು ಒಬ್ಬರು ಅಜ್ಜಿ. 80 ದಾಟಿದವರು. ಆ ಸಲ ದುಭಾಷಿ ಇರಲಿಲ್ಲ. ನನಗೆ ಬರುತ್ತಿದ್ದ ಚೀನೀ ಭಾಷೆಯಲ್ಲಿ ಸುಮ್ನೆ ಕೇಳಿದೆ: "ಅಜ್ಜಿ, ನಲ್ಲಿ ಬರೋಕೆ ಮುಂಚೆ ನೀರು ಎಲ್ಲಿಂದ ತರ್ತಿದ್ರಿ?" ಅವರು ಕಾಂಗ್ ಮೇಲೆ, ಅದೇ ಕೆಳಗೆ ಬೆಂಕಿ ಹಾಕಿ ಬಿಸಿ ಮಾಡುವ ಇಟ್ಟಿಗೆ ಜಗಲಿಯ ಮೇಲೆ, ಚಕ್ಕಳ ಮಕ್ಕಳ ಹಾಕಿ ಕೂತಿದ್ದರು. ಒಂದು ಊಟದ ಕಡ್ಡಿ ತೆಗೆದು ಅಡ್ಡ ಇಟ್ಟರು, ಇದು ಹಳ್ಳ ಅಂದರು. ತಿನ್ನುತ್ತಿದ್ದ ಸೂರ್ಯಕಾಂತಿ ಬೀಜಗಳನ್ನು ಒಂದೊಂದಾಗಿ ಅದರ ಪಕ್ಕ ಇಡುತ್ತಾ ಹೋದರು. ಇದು ನಮ್ಮ ಮನೆ, ಇದು ಅಕ್ಕನದು, ಇವರು ನಮ್ಮ ಊಟೆಗೆ (ನೀರಿನ ಬುಗ್ಗೆಗೆ) ಬರಲ್ಲ, ಅವರದ್ದು ಮೇಲಿನ ಊಟೆ. 23 ಬೀಜ ಇಟ್ಟರು. ಕೊನೆಗೆ ತಾವಾಗಿಯೇ ಸೇರಿಸಿದರು: "ಈ ಊಟೆಯವರೆಲ್ಲ ವೇನಾನ್‌ನವರು. ಮೇಲಿನವರು ದಾಲಿಯವರು." ಎರಡೂ ವೇ ನದಿ ಬಯಲಿನ ಊರುಗಳು. 1871ರ ಬಗ್ಗೆ ನಾನು ಬಾಯೇ ಬಿಟ್ಟಿರಲಿಲ್ಲ!

ಆಗ ಹೊಳೆಯಿತು. ಝುವೊನ ನಿಯಮ ಏನಿತ್ತು? ನೀರಿರುವ ಬೀಳುಭೂಮಿ ಕೊಡಿ, ಒಟ್ಟಿಗೆ ಕೂರಿಸಿ, ಚೀನಾದ ಬಹುಸಂಖ್ಯಾತ ಹಾನ್ ಜನರ ಜೊತೆ ಬೆರೆಸಬೇಡಿ. ಹತ್ತು ಮನೆಗೊಬ್ಬ ಯಜಮಾನ, ನೂರು ಮನೆಗೊಬ್ಬ ಯಜಮಾನ. ಅಂದ್ರೆ ಜನರನ್ನು ತಂಡ ತಂಡವಾಗಿ ನೀರಿನ ಬಳಿ ಇಳಿಸಿದ್ದಾರೆ. ಹಾಗಾದ್ರೆ ಲೆಕ್ಕ ಹಿಡಿಯಬೇಕಾದದ್ದು ಹಳ್ಳಿಯನ್ನಲ್ಲ, ನೀರೂಟೆಯನ್ನು. 1958ರಲ್ಲಿ ಕಮ್ಯೂನ್ (ಹಳ್ಳಿಗಳನ್ನು ಸೇರಿಸಿದ ಸಾಮೂಹಿಕ ಬೇಸಾಯದ ಘಟಕ) ಬಂತು, ಅದರೊಳಗೆ ದುಡಿಮೆಯ ದಳಗಳಾದವು, 1980ರ ದಶಕದಲ್ಲಿ ಮತ್ತೆ ಹೋಬಳಿ ಆಯಿತು. ಹೆಸರು, ಗಡಿ ಎಲ್ಲ ಬದಲಾಯಿತು. ನೀರಿಗೆ ಹೋಗುವ ಕಾಲುದಾರಿ ಬದಲಾಗಲಿಲ್ಲ. ಆ ಒಂದು ಉಪಗ್ರಹ ಚಿತ್ರದಲ್ಲಿ ಕಾಲುದಾರಿಗಳು ಬಿಳಿ ದಾರದ ಹಾಗೆ ಎದ್ದು ಕಾಣುತ್ತಿದ್ದವು.

ಅಲ್ಲಿಂದ ಕೆಲಸ ಓಡಿತು. ಅಜ್ಜಂದಿರಿಗಿಂತ ಅಜ್ಜಿಯರನ್ನೇ ಜಾಸ್ತಿ ಮಾತಾಡಿಸಿದೆ. ನೀರು ಹೊತ್ತವರು ಅವರೇ ಅಲ್ವಾ? ನೀರಾದ ಮೇಲೆ ಕೇಳುವ ಎರಡನೇ ಪ್ರಶ್ನೆ ಒಂದಿದೆ. ಅದೇ ನನ್ನ ಕೀಲಿಕೈ, ಇಲ್ಲಿ ಬರೆಯಲ್ಲ. ಸುಮಾರು 60 ಮನೆ ಆದ ಮೇಲೆ ನನ್ನನ್ನೇ ಪರೀಕ್ಷೆ ಮಾಡಿಕೊಂಡೆ. ಹೋಗದೇ ಇದ್ದ ಏಳು ಊಟೆಗಳಿಗೆ, ಅಲ್ಲಿನವರು ಎಲ್ಲಿಯವರು ಅಂತ ಮೊದಲೇ ಬರೆದಿಟ್ಟು, ಆಮೇಲೆ ಹೋಗಿ ಕೇಳಿದೆ. ಐದು ಸರಿಹೋದವು. ಪ್ರಾಧ್ಯಾಪಕರ ಮನಸ್ಸು ಬದಲಿಸಿದ್ದು ಇದೇ.

ಈ ಮಧ್ಯೆ ಭಾಷೆಯ ಕಡೆಗೂ ಹೊರಳಿದೆ. ನಾನು ಉಳಿದ ಮನೆಯಲ್ಲಿ ನೀರಿಗೆ 'ಶುಯೆಯ್' ಅನ್ನುತ್ತಿರಲಿಲ್ಲ, 'ಫೆಯ್' ಅನ್ನುತ್ತಿದ್ದರು. ಅದು ಶಿಆನ್ ಬಯಲಿನ ಉಚ್ಚಾರ. ದಂಗೆಯ ನಾಯಕ ಬಾಯ್ ಯಾನ್‌ಹು ಜೊತೆ 1877ರ ಚಳಿಗಾಲದಲ್ಲಿ ರಷ್ಯಾದ ಕಡೆಗೆ ದಾಟಿದ ಇನ್ನೊಂದು ಗುಂಪಿನ ವಂಶದವರು ಈಗ ಕಜಕಸ್ತಾನ, ಕಿರ್ಗಿಸ್ತಾನದಲ್ಲಿದ್ದಾರೆ. ಅವರನ್ನು ಡುಂಗಾನ್ ಅಂತಾರೆ. ಭಾಷೆಯನ್ನು ರಷ್ಯನ್ ಲಿಪಿಯಲ್ಲಿ ಬರೀತಾರೆ. ಅವರ ನಿಘಂಟಿನಲ್ಲಿ ನೀರು 'ಫಿ'. ಇದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಪ್ರಯೋಗ, ಇದಕ್ಕೆ ಬಸ್ಸು ರೈಲು ಸೇರಿ 500 ಯುವಾನ್ ಹೋಯಿತು. ಜಿಂಗ್ ನದಿ 455 ಕಿ.ಮೀ. ಹರಿದು ಶಿಆನ್ ಪಕ್ಕದ ಗಾವ್‌ಲಿಂಗ್‌ನಲ್ಲಿ ವೇ ನದಿಗೆ ಸೇರುತ್ತೆ. ಅಂದ್ರೆ ಈ ಜನ ಕಳೆದುಕೊಂಡ ಬಯಲಿಗೇ ಹೋಗುತ್ತೆ. ಬೆಟ್ಟದಲ್ಲಿ ಒಂದು ಬಾಟಲಿ ತುಂಬಿಕೊಂಡೆ, ಮಳೆಗಾಲದಲ್ಲಿ ಸಂಗಮದಲ್ಲಿ ಇನ್ನೊಂದು. ರಾತ್ರಿ ಮೇಜಿನ ಮೇಲೆ ಇಟ್ಟೆ. ಬೆಳಿಗ್ಗೆ ಮೊದಲನೆಯದು ಗಾಜಿನಂತೆ ತಿಳಿಯಾಗಿತ್ತು. ಎರಡನೆಯದರ ತಳದಲ್ಲಿ ಎರಡು ಬೆರಳು ಹಳದಿ ಮಣ್ಣು.

ಆ ಎರಡನೇ ಬಾಟಲಿಯನ್ನು ಅಜ್ಜಿಗೆ ಕೊಂಡುಹೋಗಿ ಕೊಟ್ಟೆ. ಇದು ಗಾವ್‌ಲಿಂಗ್‌ನದ್ದು ಅಂದೆ. ಅಲುಗಾಡಿಸಿ ನೋಡಿದರು, ಬೆಳಕಿಗೆ ಹಿಡಿದರು, ಮುಚ್ಚಳ ತೆಗೆದು ಮೂಸಿದರು. "ಇಷ್ಟು ಕೆಸರಾ!" ಅಂದು ಕಿಟಕಿಯಲ್ಲಿ ಇಟ್ಟುಕೊಂಡರು.

ಸರಿಹೋಗದ ಎರಡು ಊಟೆಗಳು ಇನ್ನೂ ಹಾಗೇ ಇವೆ. 1960ರ ದಶಕದ ಚಿತ್ರದಲ್ಲಿ ಅಲ್ಲಿ ಮನೆಗಳು ಜಾಸ್ತಿ ಕಾಣುತ್ತವೆ, ಈಗ ಹತ್ತೂ ಇಲ್ಲ. ಬೆಟ್ಟದ ಜನರನ್ನು ಉತ್ತರದ ನೀರಾವರಿ ಪ್ರದೇಶ ಹೊಂಗ್‌ಸಿಬುಗೆ ಸಾಗಿಸಿದಾಗ ಅಲ್ಲಿನವರು ಹೋದರು ಅಂತ ಪಕ್ಕದವರು ಹೇಳಿದರು. ಉತ್ತರ ಬೆಟ್ಟದಲ್ಲಿ ಸಿಗಲ್ಲ. ಮುಂದಿನ ಪ್ರಯಾಣ ಹೊಂಗ್‌ಸಿಬುಗೆ, ಹಳದಿ ನದಿಯ ನೀರು ಪಂಪಿನಲ್ಲಿ ಏರಿ ಬರುವ ಕಾಲುವೆ ದಂಡೆಗೆ. ಖರ್ಚು 2,000 ಯುವಾನ್ ಆಗಬಹುದು, ಕೂಡಿಡುತ್ತಿದ್ದೇನೆ.