ಕೈಸಾಲ ಸೇರಿಸಿ ಕಟ್ಟಿದ ಬಾಡಿಗೆ ಮನೆ

ಓದಲು ಜರ್ಮನಿಯ ಹೈಡೆಲ್‌ಬರ್ಗ್‌ಗೆ ಬಂದ ಹೊಸದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಪಾಠ ಅಲ್ಲ, ಬಾಡಿಗೆ. ಆಗ ಊರಿನ ರೋರ್‌ಬಾಖ್ ಭಾಗದಲ್ಲಿ ಅಮೆರಿಕ ಸೇನೆಯ ಹಳೆಯ ಆಸ್ಪತ್ರೆಯ ಜಾಗ ಖಾಲಿ ಇತ್ತು. 1930ರ ದಶಕದಲ್ಲಿ ಜರ್ಮನ್ ಸೇನೆ ಕಟ್ಟಿಸಿದ ಬ್ಯಾರಕ್‌ಗಳವು, ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ನರ ಕೈಗೆ ಹೋದವು. ಆ ಯುದ್ಧದಲ್ಲಿ ಹೆಸರು ಮಾಡಿದ ಅಮೆರಿಕದ ಜನರಲ್ ಪ್ಯಾಟನ್ 1945ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದು ಇಲ್ಲಿಯೇ. 2013ರಲ್ಲಿ ಸೇನೆ ಊರು ಬಿಟ್ಟಿತು. ಅಲ್ಲಿ ಕಡಿಮೆ ಬಾಡಿಗೆಯ ಮನೆ ನಾವೇ ಕಟ್ಟೋಣ ಅಂತ ಹೊರಟಿದ್ದ ವಿದ್ಯಾರ್ಥಿಗಳ ಗುಂಪಿಗೆ ನಾನೂ ಸೇರಿದೆ. ಹೆಸರು ಕೊಲೆಗಿಯುಮ್ ಅಕಾಡೆಮಿಕುಮ್. ವಿದ್ಯಾರ್ಥಿಗಳೇ ನಡೆಸುತ್ತಿದ್ದ ಅದೇ ಹೆಸರಿನ ಹಾಸ್ಟೆಲ್ ಒಂದು ಹಿಂದೆ ಈ ಊರಲ್ಲಿತ್ತು. 1978ರಲ್ಲಿ ಪೊಲೀಸರು ಬಂದು ಖಾಲಿ ಮಾಡಿಸಿದ್ದರು.

ನನ್ನ ಪಾಲಿಗೆ ಬಂದದ್ದು ದುಡ್ಡು ಕೂಡಿಸುವ ಕೆಲಸ. ಸ್ವಂತ ಬಂಡವಾಳ ತೋರಿಸದೆ ಬ್ಯಾಂಕ್ ದೊಡ್ಡ ಸಾಲ ಕೊಡುವುದಿಲ್ಲ, ವಿದ್ಯಾರ್ಥಿಗಳ ಹತ್ತಿರ ಬಂಡವಾಳ ಎಲ್ಲಿಂದ ಬರಬೇಕು? ಅದಕ್ಕೆ ಜನರಿಂದಲೇ ನೇರವಾಗಿ ಚಿಕ್ಕ ಚಿಕ್ಕ ಸಾಲ ತೆಗೆದುಕೊಂಡೆವು, ನಮ್ಮಲ್ಲಿ ಕೈಸಾಲ ಅಂತಾರಲ್ಲ, ಹಾಗೆ. ಬಡ್ಡಿ ತೀರಾ ಕಡಿಮೆ. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ "ಅಡ ಇಲ್ಲದೆ ಯಾರು ಕೊಡ್ತಾರೆ?" ಅಂದರು. ಸರಿಯಾದ ಪ್ರಶ್ನೆಯೇ. ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ: ನಾವು ದಿವಾಳಿ ಎದ್ದರೆ ಮೊದಲು ಬ್ಯಾಂಕಿಗೆ, ಉಳಿದರೆ ನಿಮಗೆ. ಮೊದಮೊದಲು ನಾನು ಈ ಮಾತನ್ನು ಕೊನೆಯಲ್ಲಿ, ಮೆಲ್ಲಗೆ ಹೇಳುತ್ತಿದ್ದೆ. ಅದು ತಪ್ಪು. ಒಬ್ಬ ಅಜ್ಜಿ ಕರಾರು ಪೂರ್ತಿ ಓದಿ, "ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ?" ಅಂತ ಕೇಳಿದರು, ಆಮೇಲೂ ಸಾಲ ಕೊಟ್ಟರು. ಅವತ್ತಿನಿಂದ ನಾನು ಮಾತು ಶುರು ಮಾಡುತ್ತಿದ್ದದ್ದೇ ಅಲ್ಲಿಂದ.

ಇಷ್ಟು ನಂಬಿ ಜನ ಕೊಟ್ಟ ದುಡ್ಡಿನಲ್ಲಿ ಎದ್ದ ಮನೆಯನ್ನು ನಾಳೆ ಯಾರೋ ಒಳ್ಳೆ ರೇಟಿಗೆ ಮಾರಿಬಿಟ್ಟರೆ? ಅದಕ್ಕೇ ನಾವು ಮೀಟ್ಸ್‌ಹಾಯ್ಸರ್ ಸಿಂಡಿಕಾಟ್ ಎಂಬ, ಇಂಥ ಮನೆಗಳು ಮಾರಾಟವಾಗದಂತೆ ಕಾಯುವ ಒಕ್ಕೂಟ ಸೇರಿದ್ದು. ಅದು ಹುಟ್ಟಿದ್ದು ಜರ್ಮನಿಯದೇ ಇನ್ನೊಂದು ಊರಾದ ಫ್ರೈಬುರ್ಗ್‌ನಲ್ಲಿ. ಮನೆ ಒಂದು ಕಂಪನಿಯ ಹೆಸರಲ್ಲಿರುತ್ತದೆ, ಕಂಪನಿಗೆ ಪಾಲುದಾರರು ಇಬ್ಬರೇ: ವಾಸ ಮಾಡುವವರ ಸಂಘ ಮತ್ತು ಆ ಒಕ್ಕೂಟ. ಇಬ್ಬರೂ ಒಪ್ಪದೆ ಮಾರಲು ಆಗುವುದಿಲ್ಲ. ಬಾಡಿಗೆ ಎಷ್ಟು, ರೂಮು ಯಾರಿಗೆ ಅನ್ನುವುದೆಲ್ಲ ಸಂಘದ ತೀರ್ಮಾನ. ಮಾರಾಟದ ಬೀಗಕ್ಕೆ ಮಾತ್ರ ಎರಡು ಕೀಲಿ. ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಬಾಡಿಗೆ ಇವತ್ತು ಕಡಿಮೆ ಇಟ್ಟರೆ ಸಾಲದು, ಇಪ್ಪತ್ತು ವರ್ಷ ಬಿಟ್ಟು ಬರುವ ಹುಡುಗಿಗೂ ಕಡಿಮೆ ಇರಬೇಕು.

ಕಟ್ಟಡ ನಾಲ್ಕು ಮಹಡಿ, ಮರದ್ದು. 46 ಮನೆ, 176 ಜನಕ್ಕೆ ಜಾಗ. ಕಂಬ ತೊಲೆಗಳ ಜೋಡಣೆಯಲ್ಲೂ ಆದಷ್ಟು ಮರವನ್ನು ಮರಕ್ಕೇ ಕೂಡಿಸಿದ್ದಾರೆ. ನೋಡಿದಾಗ ನಮ್ಮೂರ ತೊಟ್ಟಿಮನೆ ನೆನಪಾಯಿತು. 2021ರಲ್ಲಿ ಜರ್ಮನಿಯಲ್ಲೆಲ್ಲ ಮರದ ಬೆಲೆ ಏರಿದ ದಿನಗಳಲ್ಲಿ ನಾನು ದಿನಾ ಲೆಕ್ಕದ ಹಾಳೆ ತೆರೆದು ಕೂರುತ್ತಿದ್ದೆ.

ಒಬ್ಬೊಬ್ಬರಿಗೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ. ಅದರಲ್ಲಿ ಒಂದು ಗೋಡೆಯನ್ನು ಕಳಚಿ ಜರುಗಿಸಬಹುದು. ಜರುಗಿಸಿದರೆ ನಿಮ್ಮ ರೂಮು ಅರ್ಧವಾಗುತ್ತದೆ, ಆ ಅರ್ಧ ಎಲ್ಲರೂ ಕೂರುವ ಹಾಲ್‌ಗೆ ಸೇರುತ್ತದೆ. ನಕ್ಷೆಯಲ್ಲಿ ನೋಡಿದಾಗ ಇದನ್ನು ಯಾರು ಒಪ್ಪುತ್ತಾರೆ ಅಂದುಕೊಂಡಿದ್ದೆ. ಆದರೆ ಹಾಸಿಗೆ, ಮೇಜು, ಪುಸ್ತಕ ಬಿಟ್ಟರೆ ಒಬ್ಬನಿಗೆ ಜಾಸ್ತಿ ಏನೂ ಬೇಕಿಲ್ಲ, ಅಡುಗೆ ಊಟ ಹರಟೆ ಎಲ್ಲ ಹಾಲ್‌ನಲ್ಲೇ ನಡೆಯುತ್ತದೆ ಅಂತ ಇದ್ದು ನೋಡಿದ ಮೇಲೆ ಗೊತ್ತಾಯಿತು.

2023ರಲ್ಲಿ ಜನ ಬಂದು ಸೇರಿದರು. ದುಡ್ಡಿನ ಕೆಲಸ ಮಾತ್ರ ಮುಗಿದಿಲ್ಲ. ಸಾಲ ಕೊಟ್ಟವರಿಗೂ ಮಗಳ ಮದುವೆ, ಕಾಯಿಲೆ ಅಂತ ಇರುತ್ತದೆ, ವಾಪಸ್ ಕೇಳುತ್ತಾರೆ. ಆಗ ಅಷ್ಟೇ ಮೊತ್ತಕ್ಕೆ ಹೊಸಬರನ್ನು ಹುಡುಕಬೇಕು. ಹೋದ ವಾರವೂ ಇಬ್ಬರಿಗೆ ಫೋನ್ ಮಾಡಿದೆ, ದಿವಾಳಿಯ ಮಾತನ್ನೇ ಮೊದಲು ಹೇಳಿದೆ.