ಗಡಸು ನೀರು ಮರೆಮಾಚಿದ ವಿಷ: ಗೊದಮೊಟ್ಟೆಗಳ ಮೇಲಿನ ಪ್ರಯೋಗದಲ್ಲಿ ನನ್ನ ಅನುಭವ

ಕ್ಯಾಡ್ಮಿಯಂ ಎಂಬ ವಿಷಲೋಹ ಬೆರೆಸಿದ ತೊಟ್ಟಿಯಲ್ಲಿ ನೆಲಗಪ್ಪೆಯ ಗೊದಮೊಟ್ಟೆಗಳು ನೆಮ್ಮದಿಯಾಗಿ ಪಾಲಕ್ ತಿನ್ನುತ್ತಿದ್ದುದನ್ನು ಕಂಡು ಮೊದಲ ಮಳೆಗಾಲದಲ್ಲಿ ನಾನು ಕಂಗಾಲಾಗಿದ್ದೆ. ನೈತಿಕ ಸಮಿತಿಯ ಅನುಮತಿ ಪಡೆದು, ಹಿಂದಿನ ಪ್ರಬಂಧಗಳನ್ನು ನೋಡಿಯೇ ಲೋಹದ ಪ್ರಮಾಣವನ್ನು ನಿಗದಿಪಡಿಸಿದ್ದೆ. ಆದರೂ ಲೋಹವಿದ್ದ ತೊಟ್ಟಿಗೂ ಇಲ್ಲದ ತೊಟ್ಟಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ತಪ್ಪು ನೀರಿನಲ್ಲಿತ್ತು. ನಾನು ಬಳಸಿದ್ದು ಬೆಂಗಳೂರಿನ ಕೊಳವೆಬಾವಿಯ ಗಡಸು ನೀರು, ಅಂದರೆ ಕ್ಯಾಲ್ಸಿಯಂನಂಥ ಲವಣಾಂಶ ಹೆಚ್ಚಿರುವ ನೀರು. ಕ್ಯಾಡ್ಮಿಯಂ ಅಯಾನು ಗಾತ್ರದಲ್ಲಿಯೂ ವಿದ್ಯುದಾವೇಶದಲ್ಲಿಯೂ ಕ್ಯಾಲ್ಸಿಯಂ ಅಯಾನನ್ನು ಹೋಲುವುದರಿಂದ, ಕಿವಿರಿನಲ್ಲಿ ಕ್ಯಾಲ್ಸಿಯಂಗಾಗಿ ಇರುವ ದಾರಿಯಲ್ಲಿಯೇ ಒಳನುಗ್ಗುತ್ತದೆ; ನೀರಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೆ ಅದಕ್ಕೆ ಅಷ್ಟು ಸುಲಭವಾಗಿ ಪ್ರವೇಶ ಸಿಗುವುದಿಲ್ಲ. ಸಾಲದ್ದಕ್ಕೆ ಒಂದಿಷ್ಟು ಲೋಹ ತೊಟ್ಟಿಯ ಗೋಡೆಗೂ ಉಳಿದ ಸೊಪ್ಪಿನ ಚೂರುಗಳಿಗೂ ಅಂಟಿಕೊಂಡಿತ್ತು. ಟಿಪ್ಪಣಿ ಪುಸ್ತಕದಲ್ಲಿ ನಾನು ಬರೆದುಕೊಂಡಿದ್ದ ಸಾಂದ್ರತೆ ಪುಸ್ತಕದಲ್ಲಿ ಮಾತ್ರ ಇತ್ತು.

ಮರುವರ್ಷ ಅಯಾನುರಹಿತ ನೀರಿಗೆ ಲವಣಗಳನ್ನು ಲೆಕ್ಕಹಾಕಿ ಬೆರೆಸಿ ಮೆದು ನೀರನ್ನು ತಯಾರಿಸಿಕೊಂಡೆ. ಪಾತ್ರೆಗಳನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ತೊಳೆದೆ, 24 ಗಂಟೆಗೊಮ್ಮೆ ನೀರು ಬದಲಿಸಿದೆ, ನೀರಿನಲ್ಲಿ ನಿಜವಾಗಿ ಉಳಿದಿರುವ ಲೋಹವನ್ನು ಅಳತೆ ಮಾಡಿಸಿದೆ. ಮಳೆಗುಂಡಿಯಿಂದ ತಂದ ಮೊಟ್ಟೆಸರಗಳು ಒಡೆದು ಮರಿಗಳು ತಾವಾಗಿ ಆಹಾರ ತಿನ್ನುವ ಹಂತಕ್ಕೆ, ಅಂದರೆ ಕಪ್ಪೆಗಳ ಬೆಳವಣಿಗೆಯಲ್ಲಿ ಗಾಸ್ನರ್ ಎಂಬ ವಿಜ್ಞಾನಿ 1960ರಲ್ಲಿ ಗುರುತಿಸಿದ 46 ಹಂತಗಳಲ್ಲಿ 25ನೆಯದಕ್ಕೆ, ಬಂದ ಮೇಲೆಯೇ ಲೋಹ ಸೇರಿಸಿದೆ.

ಈ ಬಾರಿ ಸಾವುಗಳು ಕಂಡವು, ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬದುಕಿದ್ದವುಗಳ ಬಾಯಿ. ಗೊದಮೊಟ್ಟೆಯ ಬಾಯಿಯ ಸುತ್ತ ಕೆರಾಟಿನ್‌ನ ಸಣ್ಣ ಹಲ್ಲುಗಳ ಸಾಲುಗಳಿರುತ್ತವೆ. ಕಲ್ಲಿಗೆ ಅಂಟಿದ ಪಾಚಿಯನ್ನು ಅದು ಕೆರೆದು ತಿನ್ನುವುದು ಇವುಗಳಿಂದಲೇ. ಸೂಕ್ಷ್ಮದರ್ಶಕದಡಿ ಹಲವು ಮರಿಗಳಲ್ಲಿ ಈ ಸಾಲುಗಳು ನಡುನಡುವೆ ಕಡಿದುಹೋಗಿದ್ದವು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಕಲ್ಲಿದ್ದಲಿನ ಬೂದಿ ಸೇರುವ ಹೊಂಡಗಳ ಬುಲ್‌ಫ್ರಾಗ್ ಮರಿಗಳಲ್ಲಿ ಇಂಥದೇ ದೋಷವನ್ನು 1990ರ ದಶಕದಲ್ಲಿಯೇ ವರದಿ ಮಾಡಿದ್ದರು. ಅದನ್ನು ಓದಿದ್ದೂ ನಾನು ಬೇಯಿಸಿದ ಪಾಲಕ್ ಹಾಕುತ್ತಲೇ ಇದ್ದೆ! ಮೆತ್ತಗಿನ ಸೊಪ್ಪನ್ನು ನುಂಗಲು ಹಲ್ಲು ಅಷ್ಟಾಗಿ ಬೇಕಿಲ್ಲ. ಪಾಚಿ ಬೆಳೆದ ಹಂಚಿನ ತುಂಡುಗಳನ್ನು ಇಟ್ಟ ಮೇಲೆಯೇ ಹಲ್ಲು ಕಳೆದುಕೊಂಡ ಮರಿಗಳು ಸೊರಗಿ, ರೂಪಾಂತರದಲ್ಲಿ ಹಿಂದೆ ಬಿದ್ದವು. ಬೇಗನೆ ಒಣಗುವ ಮಳೆಗುಂಡಿಯಲ್ಲಿ ಹಿಂದೆ ಬೀಳುವುದೆಂದರೆ ಸಾವೇ.

ಕೊನೆಗೆ, ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿಯ ನೀರು ಸೇರುವ ಬೈರಮಂಗಲ ಕೆರೆಯ ಅಂಚಿನಿಂದ ತಂದ ಗೊದಮೊಟ್ಟೆಗಳನ್ನು ಇಡಿಯಾಗಿ ಕರಗಿಸಿ ಸೀಸವನ್ನು ಅಳೆದಾಗ ಬಂದ ಅಂಕಿಯನ್ನು ನಾನು ನಂಬಲಿಲ್ಲ. ಇನ್ನೊಂದು ಗುಂಪನ್ನು ಶುದ್ಧ ನೀರಿನಲ್ಲಿ ಆಹಾರವಿಲ್ಲದೆ ಒಂದು ದಿನ ಇರಿಸಿದೆ. ಆಹಾರದೊಂದಿಗೆ ಕರುಳಿಗೆ ಸೇರಿದ್ದ ಹೂಳು ಹೊರಬಿದ್ದ ಮೇಲೆ ಅಂಕಿ ಬಹಳ ಇಳಿಯಿತು. ಅಂಗಾಂಶಕ್ಕೆ ಸೇರಿದ ಲೋಹವನ್ನು ತಿಳಿಯಲು ಎರಡನೆಯ ಅಂಕಿಯೇ ಸರಿ. ಆದರೆ ನೀರುಹಾವು ಗೊದಮೊಟ್ಟೆಯನ್ನು ಹೂಳಿನ ಸಮೇತವೇ ನುಂಗುತ್ತದೆ. ಆದ್ದರಿಂದ ವರದಿಯಲ್ಲಿ ಎರಡನ್ನೂ ಬೇರೆ ಬೇರೆ ಕಲಂಗಳಲ್ಲಿ ಕೊಟ್ಟೆ.